ಸೂಳೆಕೆರೆಯ ಸಂಜೆ ಬಣ್ಣ, 26 ಮಿಲಿಮೀಟರ್ ತಟ್ಟೆಯಲ್ಲಿ

ಚನ್ನಗಿರಿ ಬಿಟ್ಟು ಉತ್ತರಕ್ಕೆ ಹೊರಟರೆ ದಾರಿಯ ಬಹುಪಾಲು ಅಡಿಕೆ ತೋಟದ ನೆರಳಲ್ಲೇ ಕಳೆದುಹೋಗುತ್ತೆ. ಮೊಬೈಲ್ ನೋಡ್ತಾ ಕೂತಿದ್ರೆ ಸೂಳೆಕೆರೆ ಬಂತು ಅಂತ ಗೊತ್ತಾಗೋದು ಬೆಳಕಿನಿಂದ. ಇದ್ದಕ್ಕಿದ್ದ ಹಾಗೆ ನೆರಳು ಮುಗಿಯುತ್ತೆ, ಪಕ್ಕದಲ್ಲಿ ಕಣ್ಣು ಹಾಯುವಷ್ಟು ದೂರ ನೀರು. ಮೊದಲ ಸಲ ಬಂದವರು ‘ಇದು ಕೆರೆನಾ?’ ಅಂತ ಕೇಳದೆ ಇರಲ್ಲ.

ಕೆರೆಯೇ. ಸುಮಾರು 6,550 ಎಕರೆ ಹರವು. ಇಷ್ಟು ನೀರನ್ನು ಹಿಡಿದು ನಿಲ್ಲಿಸಿರೋದು ಎರಡು ಗುಡ್ಡಗಳ ನಡುವಿನ ಒಂದು ಏರಿ, ಉದ್ದ 950 ಅಡಿ ಅಷ್ಟೇ. ಹರಿದ್ರಾ ಹಳ್ಳ ಆ ಗುಡ್ಡಗಳ ಸಂದಿಯಲ್ಲಿ ನುಸುಳಿ ಹೋಗ್ತಿತ್ತು, ಅಲ್ಲೇ ಅಡ್ಡಗಟ್ಟಿದ್ದಾರೆ. ಜಾಗ ಹುಡುಕಿದವರ ಕಣ್ಣು ಎಷ್ಟು ಚೂಪಾಗಿತ್ತು ಅನ್ನೋದು ಏರಿ ಮೇಲೆ ನಿಂತಾಗಲೇ ಅರ್ಥವಾಗೋದು. ಸಿದ್ಧ ನಾಲೆ, ಬಸವ ನಾಲೆ ಅಂತ ಎರಡು ಕಾಲುವೆ ಇಲ್ಲಿಂದ ಹೊರಡುತ್ತವೆ. ಚಿತ್ರದುರ್ಗದ ನಲ್ಲಿಗಳಿಗೂ ಇದೇ ನೀರು ಹೋಗುತ್ತೆ.

ಈ ಸಲ ನಾನು ಹೋಗಿದ್ದು ಚಿಕ್ಕಪ್ಪನ ಮಗಳ ಜೊತೆ. ಅವಳು ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಓದ್ತಿದಾಳೆ. ಪಿಕ್ನಿಕ್ ಅಂದ್ಕೊಂಡು ನಾನು ಮಂಡಕ್ಕಿ-ಮಿರ್ಚಿ ಕಟ್ಟಿಸಿಕೊಂಡಿದ್ದೆ. ಅವಳ ಬ್ಯಾಗಲ್ಲಿ ಇದ್ದಿದ್ದು ಒಂದು ತಗಡಿನ ಡಬ್ಬಿ, ಒಳಗೆ ಹನ್ನೆರಡು ಪುಟಾಣಿ ತಟ್ಟೆ, ಪ್ರತಿ ತಟ್ಟೆಯಲ್ಲೂ ಒತ್ತಿ ಕೂರಿಸಿದ ಒಂದೊಂದು ಬಣ್ಣ. ಕಣ್ಣಿನ ರೆಪ್ಪೆಗೆ ಹಚ್ಚೋ ಐಶ್ಯಾಡೋ. ಎಲ್ಲಾ ಅವಳೇ ಮನೇಲಿ ಮಾಡಿದ್ದು. ಐದು ಗಂಟೆ ಆಗ್ತಿದ್ದ ಹಾಗೆ ಸಿದ್ದೇಶ್ವರನ ಗುಡಿ ಹತ್ತಿರ ಏರಿಯ ಕಲ್ಲಿನ ಮೇಲೆ ಕೂತು, ಡಬ್ಬಿ ತೆರೆದು, ನೀರಿನ ಬಣ್ಣಕ್ಕೆ ತಟ್ಟೆಯ ಬಣ್ಣ ಹೋಲಿಸೋಕೆ ಶುರು ಮಾಡಿದಳು. ಅಂಗಡೀಲಿ ಬ್ಲೌಸ್ ಪೀಸ್ ಮ್ಯಾಚ್ ಮಾಡ್ತಾರಲ್ಲ, ಹಾಗೆ.

ಆ ಹೊತ್ತಿನ ಸೂಳೆಕೆರೆಗೆ ಒಂದು ಬಣ್ಣ ಇಲ್ಲ. ದಡದ ಹತ್ತಿರ ಚಹಾದ ಕೆಂಪು. ಸ್ವಲ್ಪ ಆಚೆ ಪಾರಿವಾಳದ ಕತ್ತಿನ ಬೂದು. ಅದರಾಚೆ ಸೂರ್ಯ ಬಿದ್ದ ಪಟ್ಟಿಯಲ್ಲಿ ಹಳೇ ಬಂಗಾರ. ಗಾಳಿ ಬಂದರೆ ಮೂರೂ ಕಲಸಿಹೋಗುತ್ತೆ. ‘ಇದೇ ಬೇಕು ನಂಗೆ, ಬೂದು ಬೇಸ್, ಮೇಲೆ ಬಂಗಾರದ ಫ್ಲ್ಯಾಶ್’ ಅಂದಳು.

‘ಇಲ್ಲಿನ ಕೆಂಪು ಮಣ್ಣನ್ನೇ ಜರಡಿ ಹಿಡಿದು ಒತ್ತಬಹುದಲ್ಲಾ? ಮಿನರಲ್ ಅಂದ್ರೆ ಅದೇ ತಾನೆ?’ ಅಂದೆ. ನೈಸರ್ಗಿಕ, ಲೋಕಲ್, ರೀಲ್ಸ್‌ಗೂ ಚೆನ್ನಾಗಿರುತ್ತೆ. ಅವಳು ನಕ್ಕಳು. ಮಣ್ಣಿನ ಕೆಂಪೂ ಕಬ್ಬಿಣದ ಆಕ್ಸೈಡು, ಐಶ್ಯಾಡೋದ ಕೆಂಪೂ ಕಬ್ಬಿಣದ ಆಕ್ಸೈಡು, ಅದು ನಿಜ. ಆದರೆ ನೆಲದಿಂದ ತೆಗೆದ ಕಾವಿಯ ಜೊತೆ ಸೀಸ, ಆರ್ಸೆನಿಕ್ ಏನು ಬೇಕಾದ್ರೂ ಬಂದಿರಬಹುದು, ಜೊತೆಗೆ ಕೆರೆ ದಂಡೆಯ ಸೂಕ್ಷ್ಮಜೀವಿಗಳು. ಅದಕ್ಕೇ ಮೇಕಪ್ಪಿಗೆ ಬಳಸೋ ಐರನ್ ಆಕ್ಸೈಡನ್ನು ಕಾರ್ಖಾನೆಯಲ್ಲಿ ಶುದ್ಧವಾಗಿ ತಯಾರಿಸುತ್ತಾರೆ. ನಮ್ಮ ದೇಶದ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಸೌಂದರ್ಯವರ್ಧಕದ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 20 ಭಾಗ, ಆರ್ಸೆನಿಕ್ 2 ಭಾಗ ದಾಟುವ ಹಾಗಿಲ್ಲ. ಗುಡ್ಡದ ಮಣ್ಣನ್ನು ಯಾರು ಅಳೆದಿರ್ತಾರೆ?

ದಂಡೆಯ ಮರಳಲ್ಲಿ ಮಿಣಮಿಣ ಅನ್ನೋ ಚೂರುಗಳಿದ್ದವು. ಚಿಕ್ಕವರಿದ್ದಾಗ ‘ಕಾಗೆಬಂಗಾರ’ ಅಂತ ಬೆಂಕಿಪೊಟ್ಟಣದಲ್ಲಿ ಕೂಡಿಡ್ತಿದ್ವಲ್ಲ, ಅದೇ. ಅಭ್ರಕ. ಅಂಗಡಿಯ ಐಶ್ಯಾಡೋದ ಹೊಳಪೆಲ್ಲ ಹೆಚ್ಚುಕಡಿಮೆ ಈ ಕಾಗೆಬಂಗಾರದ್ದೇ. ಅಭ್ರಕದ ಪುಡಿಯ ಒಂದೊಂದು ಹಾಳೆಯ ಮೇಲೂ ಟೈಟಾನಿಯಂ ಡೈಆಕ್ಸೈಡಿನ ಅತಿ ತೆಳು ಲೇಪ ಕೊಡ್ತಾರೆ. ಲೇಪ ತೆಳುವಾಗಿದ್ರೆ ಬೆಳ್ಳಿ ಹೊಳಪು, ಸ್ವಲ್ಪ ದಪ್ಪ ಆದ್ರೆ ಬಂಗಾರ, ಇನ್ನೂ ದಪ್ಪ ಆಗ್ತಾ ಹೋದರೆ ಕೆಂಪು, ನೀಲಿ, ಹಸಿರು. ಲೇಪದಲ್ಲಿ ಬಣ್ಣವೇ ಇಲ್ಲ, ಸೋಪಿನ ಗುಳ್ಳೆಯ ಹಾಗೆ ಬೆಳಕಿನ ಆಟ ಅಷ್ಟೇ. ಈ ಹೊಳಪಿಗೆ ಇನ್ನೊಂದು ಮುಖವೂ ಇದೆ. ಝಾರ್ಖಂಡಿನ ಅಕ್ರಮ ಅಭ್ರಕ ಗಣಿಗಳಲ್ಲಿ ಮಕ್ಕಳು ದುಡಿಯೋದು ಹಲವು ಸಲ ವರದಿಯಾಗಿದೆ. ಅದಕ್ಕೇ ಇವಳು ಪ್ರಯೋಗಾಲಯದಲ್ಲಿ ತಯಾರಾದ ಸಿಂಥೆಟಿಕ್ ಅಭ್ರಕವನ್ನೇ ಹುಡುಕಿ ತರಿಸ್ತಾಳೆ. ದುಬಾರಿ, ಆದರೂ.

ಮರುದಿನ ಚನ್ನಗಿರಿಯ ಮನೇಲಿ ಊಟದ ಟೇಬಲ್ ಮೇಲೆ ಪೇಪರ್ ಹಾಸಿ ಕೆಲಸ ಶುರುವಾಯ್ತು. ಫ್ಯಾನ್ ಆಫ್, ಎಲ್ಲರ ಮುಖಕ್ಕೂ ಮಾಸ್ಕ್. ಪುಡಿ ಅಷ್ಟು ನಯ, ಒಂದು ಸೀನು ಸಾಕು, ಸೂಳೆಕೆರೆ ಪೂರ್ತಿ ಗೋಡೆ ಮೇಲೆ. ಗ್ಯಾಸ್ ಒಲೆ ಹತ್ತಿರ ಯಾರೂ ಹೋಗೋ ಹಾಗಿಲ್ಲ, ಯಾಕಂದ್ರೆ ಆಲ್ಕೋಹಾಲ್ ಬಳಕೆಯಾಗುತ್ತೆ.

ಬಿಡಿ ಪುಡಿಯನ್ನು ಹಾಗೇ ಹಚ್ಚಿಕೊಂಡರೆ ಅರ್ಧ ಕೆನ್ನೆಗೆ ಉದುರುತ್ತೆ, ಪ್ರಯಾಣಕ್ಕಂತೂ ಆಗಲ್ಲ. ಹಾಗಾಗಿ ಒತ್ತಿ ಬಿಲ್ಲೆ ಮಾಡೋದು. ಎರಡು ಗ್ರಾಂ ಪುಡಿಗೆ ಮೂರು-ನಾಲ್ಕು ಹನಿ ಜೊಜೊಬಾ ಎಣ್ಣೆ. ಜೊತೆಗೆ ಒಂದು ಚಿಟಿಕೆ ಮೆಗ್ನೀಶಿಯಂ ಸ್ಟಿಯರೇಟ್, ಇದು ಪುಡಿ ಚರ್ಮಕ್ಕೆ ಹಿಡಿಯೋಕೆ. ಚೆನ್ನಾಗಿ ಅರೆದು, ಐಸೋಪ್ರೊಪೈಲ್ ಆಲ್ಕೋಹಾಲನ್ನು ಹನಿಹನಿಯಾಗಿ ಬಿಡ್ತಾ ಇಡ್ಲಿ ಹಿಟ್ಟಿನ ಹದಕ್ಕೆ ತರಬೇಕು. ಕೈ ತೊಳೆಯೋ ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ನು, ಪರಿಮಳ ಎಲ್ಲಾ ಇರುತ್ತೆ. ಹಿಟ್ಟನ್ನು ತಟ್ಟೆಗೆ ಹಾಕಿ ಮೆಲ್ಲಗೆ ಕುಟ್ಟಿದರೆ ಗಾಳಿಗುಳ್ಳೆ ಮೇಲೆ ಬಂದು ಒಡೆಯುತ್ತೆ. ಒಂದಿಷ್ಟು ಆರಿದ ಮೇಲೆ ಹತ್ತಿ ಬಟ್ಟೆಯ ತುಂಡು ಇಟ್ಟು ನಾಣ್ಯದಿಂದ ಒತ್ತಬೇಕು. ಬಟ್ಟೆ ಒದ್ದೆ ಹೀರಿಕೊಳ್ಳುತ್ತೆ, ನೇಯ್ಗೆಯ ಅಚ್ಚೂ ಬೀಳುತ್ತೆ.

ನಾಣ್ಯದ ವಿಷಯದಲ್ಲಿ ಒಂದು ತಮಾಷೆ. ಮಾರುಕಟ್ಟೆಯ ಖಾಲಿ ತಟ್ಟೆಗಳ ಸಾಮಾನ್ಯ ಅಳತೆ 26 ಮಿ.ಮೀ. ನಮ್ಮ 10 ರೂಪಾಯಿ ನಾಣ್ಯ 27 ಮಿ.ಮೀ., ಕೂರಲ್ಲ. ಹಿತ್ತಾಳೆ ಬಣ್ಣದ 5 ರೂಪಾಯಿ 23 ಮಿ.ಮೀ., ಸರಿಯಾಗಿ ಇಳಿಯುತ್ತೆ. ಅಂಚಿಗೆ ಮಾತ್ರ ಬೆರಳಲ್ಲೇ ಒತ್ತಬೇಕು.

ಹದ ಅನ್ನೋದೇ ಇಲ್ಲಿ ಎಲ್ಲಾ. ಎಣ್ಣೆ ಕಮ್ಮಿಯಾದ್ರೆ ಬಿಲ್ಲೆ ಬೇಸಿಗೆಯ ಗದ್ದೆಯ ಹಾಗೆ ಬಿರುಕು ಬಿಡುತ್ತೆ. ಜಾಸ್ತಿಯಾದ್ರೆ ಮೇಲೆ ಗಾಜಿನ ಹಾಗೆ ಪದರ ಕಟ್ಟಿ ಬ್ರಶ್ಶಿಗೆ ಬಣ್ಣವೇ ಏಳಲ್ಲ. ಹೊಳಪಿನ ಪುಡಿಗೆ ಒಂದು ಹದ, ಮ್ಯಾಟ್ ಪುಡಿಗೆ ಇನ್ನೊಂದು. ಅವಳ ನೋಟ್‌ಬುಕ್ಕಲ್ಲಿ ‘ಒಡೀತು’, ‘ಕಲ್ಲಾಯ್ತು’ ಅಂತ ಪುಟಗಟ್ಟಲೆ ಇದೆ. ಇನ್ನೊಂದು ಮಾತು, ನೀವೂ ಶುರು ಮಾಡೋದಾದ್ರೆ: ಸೋಪು, ಮೇಣದಬತ್ತಿ, ರೆಸಿನ್ ಕೆಲಸಕ್ಕೆ ಅಂತ ಮಾರೋ ಮಿಂಚುಪುಡಿ ಕಣ್ಣಿಗಲ್ಲ. ಪೊಟ್ಟಣದ ಮೇಲೆ ಕಣ್ಣಿನ ಸುತ್ತ ಬಳಸಬಹುದು ಅಂತ ಸ್ಪಷ್ಟವಾಗಿ ಬರೆದಿರಬೇಕು, ಇಲ್ಲಾಂದ್ರೆ ಬಿಟ್ಟುಬಿಡಿ. ಮಾಡಿದ್ದನ್ನು ಮಾರೋಕೆ ಲೈಸೆನ್ಸೂ ಬೇಕು. ಇವಳು ಸದ್ಯಕ್ಕೆ ತನಗೆ ಮಾತ್ರ ಮಾಡ್ಕೋತಾಳೆ.

ಇದನ್ನೆಲ್ಲ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡ್ತಿದ್ದ ಅಜ್ಜಿ, ‘ಇದೇನ್ ಹೊಸದಾ? ನಾವು ಕಾಡಿಗೆ ಮಾಡ್ತಿರ್ಲಿಲ್ವಾ’ ಅಂದರು. ಯೋಚಿಸಿದರೆ ಹೌದಲ್ಲ! ಹರಳೆಣ್ಣೆ ದೀಪ ಹಚ್ಚಿ, ಅದರ ಮೇಲೆ ಗಂಧ ಸವರಿದ ತಟ್ಟೆ ಬೋರಲು ಹಾಕಿ, ಕಟ್ಟಿದ ಮಸಿಯನ್ನು ಕೆರೆದು, ಬೆಣ್ಣೆಯೋ ಹರಳೆಣ್ಣೆಯೋ ಸೇರಿಸಿ ಕಲಸಿ, ಪುಟ್ಟ ಡಬ್ಬಿಗೆ ಬೆರಳಲ್ಲಿ ಒತ್ತಿ ತುಂಬೋದು. ಪುಡಿ, ಜಿಡ್ಡು, ಒತ್ತು, ಡಬ್ಬಿ. ಅದೇ ಲೆಕ್ಕ. ಬತ್ತಿಯ ಬಟ್ಟೆಗೆ ಹೊನಗೊನೆ ಸೊಪ್ಪಿನ ರಸ ಹೀರಿಸಿ ಒಣಗಿಸ್ತಿದ್ರಂತೆ. ಹೀಗೆ ಮಾಡಿದ ಕಾಡಿಗೆ ಬರೀ ಮಸಿ, ಆದರೆ ಎಳೆ ಮಗುವಿನ ಕಣ್ಣೊಳಗೆ ಬೆರಳಿಂದ ಹಚ್ಚೋದು ಬೇಡ ಅಂತಲೇ ವೈದ್ಯರು ಹೇಳೋದು. ಸೀಸದ ಅದಿರು ಅರೆದು ಮಾಡೋ ಸುರ್ಮಾ ಬೇರೆಯೇ ವಸ್ತು. ಅದು ಮಕ್ಕಳಿಗಂತೂ ವಿಷ.

ಅಜ್ಜಿ ಇನ್ನೂ ಒಂದು ಮಾತು ಹೇಳಿದರು. ಮದುವೆಯಾದ ಹೊಸದರಲ್ಲಿ ಕಾಡಿಗೆಯ ಗೆರೆ ಸ್ವಲ್ಪ ಉದ್ದ ಎಳೆದಿದ್ದಕ್ಕೆ ಅವರತ್ತೆ ‘ಇದೇನ್ ಸೂಳೆ ಥರ’ ಅಂದಿದ್ರಂತೆ. ಅರವತ್ತು ವರ್ಷದ ಹಿಂದಿನ ಮಾತು. ಹೇಳುವಾಗ ದನಿ ಏರಲಿಲ್ಲ, ಆದರೆ ಆ ಮಾತು ಮರೆತಿಲ್ಲ ಅನ್ನೋದು ಗೊತ್ತಾಯ್ತು. ಅಂದಿನಿಂದ ಅವರು ಗೆರೆಯನ್ನು ಕಣ್ಣಿನ ಅಂಚಿಗೇ ನಿಲ್ಲಿಸ್ತಾರೆ.

ತಟ್ಟೆ ಆರಿ, ಹೆಸರಿಡೋ ಹೊತ್ತಿಗೆ ಜಗಳ ಬಂದಿದ್ದು ಇಲ್ಲೇ. ಇವಳು ಪ್ರತಿ ಬಣ್ಣದ ಹಿಂದೆ ಲೇಬಲ್ ಅಂಟಿಸ್ತಾಳೆ. ಇದಕ್ಕೆ ‘ಸೂಳೆಕೆರೆ’ ಅಂತ ಬರೆದಳು. ಚಿಕ್ಕಮ್ಮ ಹೌಹಾರಿದರು. ‘ಮುಖಕ್ಕೆ ಹಚ್ಚೋದಕ್ಕೆ ಆ ಹೆಸರಾ? ಶಾಂತಿಸಾಗರ ಅಂತ ಬರಿ. ಅಷ್ಟು ಚೆಂದದ ಹೆಸರಿಟ್ಟಿದ್ದಾರೆ.’

ನಿಜ, ಫಲಕಗಳಲ್ಲಿ, ಕಡತಗಳಲ್ಲಿ ಶಾಂತಿಸಾಗರ ಅಂತಲೇ ಇರುತ್ತೆ. ಮರ್ಯಾದಸ್ಥ ಹೆಸರು. ಆದರೆ ಊರಿನ ಬಾಯಲ್ಲಿ ಅದು ಸೂಳೆಕೆರೆಯೇ, ಬಸ್ ಕಂಡಕ್ಟರ್ ಕೂಗೋದೂ ಅದನ್ನೇ. ಆ ಹೆಸರಿನ ಹಿಂದೆ ಅಲ್ಲಿನ ಜನ ಹೇಳೋ ಕತೆಯೊಂದಿದೆ, ನೀವೂ ಕೇಳಿರ್ತೀರಿ. ಸ್ವರ್ಗಾವತಿ ಅನ್ನೋ ಪಟ್ಟಣದ ರಾಜನ ಮಗಳು ಶಾಂತವ್ವ ತಾನು ಮೆಚ್ಚಿದ ಸಿದ್ದೇಶ್ವರನ ಜೊತೆ ಹೊರಟುಹೋಗ್ತಾಳೆ. ವಾಪಸ್ ಬಂದಾಗ ಅಪ್ಪ ಅವಳನ್ನು ಅದೇ ಪದದಿಂದ ಬೈಯ್ತಾನೆ. ಆ ಕಳಂಕ ತೊಳೆಯೋಕೆ ಅವಳು ಕೆರೆ ಕಟ್ಟಿಸೋಕೆ ಹೊರಡ್ತಾಳೆ. ಕೆರೆಗೆ ಬೇಕಾದ ಜಾಗ ಮಾತ್ರ ಸೂಳೆಯರ ಕೇರಿಯದ್ದು. ಅವರು ಬಿಟ್ಟುಕೊಡೋಕೆ ಒಪ್ಪಿದರು, ಒಂದೇ ಷರತ್ತು: ಕೆರೆಗೆ ನಮ್ಮ ಹೆಸರಿಡಬೇಕು.

ಕತೆಗೆ ಹಲವು ರೂಪಗಳಿವೆ. ಆದರೆ ಈ ಷರತ್ತು ನನ್ನ ತಲೆಯಿಂದ ಹೋಗ್ತಾನೇ ಇಲ್ಲ. ಮನೆ ಮುಳುಗಲಿ, ಕೇರಿ ಮುಳುಗಲಿ, ಹೆಸರು ಮಾತ್ರ ತೇಲಬೇಕು ಅಂತ ಕೇಳಿದ ಹೆಂಗಸರು. ಅವರ ಬಳಿ ಕೇಳೋಕೆ ಬೇರೇನೂ ಇರಲಿಲ್ಲವೋ, ಅಥವಾ ಅದಕ್ಕಿಂತ ದೊಡ್ಡದು ಯಾವುದೂ ಇಲ್ಲ ಅಂತ ಗೊತ್ತಿತ್ತೋ. ಫಲಕದಲ್ಲಿ ಶಾಂತಿಸಾಗರ ಅಂತ ಬರೆದಾಗ ಶಾಂತವ್ವನ ನೆನಪೇನೋ ಉಳಿಯುತ್ತೆ. ಜಾಗ ಕೊಟ್ಟವರ ಷರತ್ತು ಮುರಿಯುತ್ತೆ. ನನ್ನ ಮಟ್ಟಿಗೆ ಅದು ಸೂಳೆಕೆರೆ. ಪದ ಬೈಗುಳ ಆಗಿದ್ದರೆ ತಪ್ಪು ಬೈಯ್ದವರ ಬಾಯಿಯದ್ದು.

ಇದನ್ನೆಲ್ಲ ನಾನು ಟೇಬಲ್ ಹತ್ತಿರ ಹೇಳಿದ್ದಕ್ಕೆ ಚಿಕ್ಕಮ್ಮ, ‘ನೀನು ಬೆಂಗಳೂರಿಗೆ ಹೋಗ್ತೀಯ, ಇಲ್ಲಿರೋಳು ನಾನು’ ಅಂದರು. ಅದೂ ಸುಳ್ಳಲ್ಲ. ಮಗಳು ಆ ಲೇಬಲ್ ಹಚ್ಚಿಕೊಂಡು ಕಾಲೇಜಿಗೆ ಹೋದರೆ, ಮಾತಾಡೋರು ಮಾತಾಡೋದು ಇವರ ಎದುರಿಗೇ.

ಕೊನೆಗೆ ಮಧ್ಯ ಬಂದಿದ್ದು ಅಜ್ಜಿ. ತಟ್ಟೆ ಎತ್ತಿ ಬೆಳಕಿಗೆ ಹಿಡಿದು ಆಚೆ ಈಚೆ ಓಲಾಡಿಸಿದರು. ಬೂದು, ಓರೆ ಮಾಡಿದರೆ ಬಂಗಾರ. ಕಿರುಬೆರಳು ಒತ್ತಿ, ಬಿಲ್ಲೆಯ ಮೇಲೆ ಗುಳಿ ಬೀಳೋ ಹಾಗೆ ತೆಗೆದು, ಕನ್ನಡಿಯ ಮುಂದೆ ನಿಂತು ರೆಪ್ಪೆಗೆ ಸವರಿಕೊಂಡರು. ‘ಕೆರೆ ಥರಾನೇ ಐತಲ್ಲೇ’ ಅಂದರು. ಗೆರೆ ಈ ಸಲ ಅಂಚು ದಾಟಿತ್ತು.

ಲೇಬಲ್ಲಿನ ಮೇಲೆ ಈಗ ‘ಸೂಳೆಕೆರೆ, ಸಂಜೆ 5.40’ ಅಂತಿದೆ. ಚಿಕ್ಕಮ್ಮನ ಒತ್ತಾಯಕ್ಕೆ ಅಕ್ಷರ ಸ್ವಲ್ಪ ಸಣ್ಣದಾಗಿದೆ. ಮುಂದಿನ ತಟ್ಟೆ ಅಡಿಕೆ ಚೊಗರಿನ ಬಣ್ಣದ್ದಂತೆ. ಚೊಗರನ್ನೇ ಹಾಕ್ತೀಯಾ ಅಂತ ಕೇಳಿದೆ. ಅದು ಅಡಿಕೆಗೆ, ಬಟ್ಟೆಗೆ. ರೆಪ್ಪೆಗೆ ಐರನ್ ಆಕ್ಸೈಡೇ, ಕೆಂಪು ಎರಡು ಪಾಲು, ಕಪ್ಪು ಒಂದು ಚಿಟಿಕೆ ಅಂದಳು.