ಎರಡು ಕೊಂಬೆಗಳಲ್ಲಿ ನಾನು

ಇತಿಹಾಸ ಓದುವ ಬಿ.ಎ. ವಿದ್ಯಾರ್ಥಿನಿಗೆ ಕಂಪ್ಯೂಟರ್ ಪರೀಕ್ಷಿಸುವ ಉಸಾಬರಿ ಏಕೆಂದು ವಾಚಕರು ಕೇಳಬಹುದು. ನಾನೂ ಹಾಗೆಯೇ ಕೇಳಿದೆ. ಹಾಸ್ಟೆಲಿನಲ್ಲಿ ನನ್ನ ಕೋಣೆಯ ಗೆಳತಿ ಬೇರೊಂದು ಕಾಲೇಜಿನಲ್ಲಿ ಬಿ.ಸಿ.ಎ. ಓದುತ್ತಾಳೆ. "ಏನೂ ಗೊತ್ತಿಲ್ಲದವರೇ ಬೇಕು ಕಣೇ. ಗೊತ್ತಿದ್ದವರು ಒತ್ತಬಾರದ ಕಡೆ ಒತ್ತುವುದೇ ಇಲ್ಲ" ಎಂದಳು. ಹೊಗಳಿಕೆಯೆಂದೇ ಭಾವಿಸಿ ಒಪ್ಪಿಕೊಂಡೆ.

ಪೈಥಾನ್ ಭಾಷೆಯ ಜೊತೆಗೇ ದೊರೆಯುವ ಟಿಕಿಂಟರಿನಲ್ಲಿ ಟ್ರೀವ್ಯೂ ಎಂಬುದೊಂದುಂಟು. ಅದರಿಂದ ಅವಳು, ಒಂದರೊಳಗೊಂದು ಅಡಗಿದ ಮಾಹಿತಿಯನ್ನು ಬಿಡಿಸಿ ನೋಡುವ ಪುಟ್ಟ ಕಿಟಕಿಯೊಂದನ್ನು ಮಾಡಿದ್ದಳು. ಹೆಸರಿನ ಪಕ್ಕದ ಗುರುತನ್ನು ಒತ್ತಿದರೆ ಒಳಗಿನ ಹೆಸರುಗಳು ಕಾಣುತ್ತವೆ, ಅವುಗಳೊಳಗೆ ಮತ್ತಷ್ಟು. ನಮ್ಮಜ್ಜಿಯ ಟ್ರಂಕಿನೊಳಗೆ ಡಬ್ಬಿ, ಡಬ್ಬಿಯೊಳಗೆ ಗಂಟು, ಗಂಟಿನೊಳಗೆ ಕಾಸು ಇರುತ್ತಿದ್ದ ಹಾಗೆ.

ಖಾಲಿ ಪಟ್ಟಿ ಕೊಟ್ಟೆವು, ಸುಮ್ಮನಿತ್ತು. ಒಂದೇ ಹೆಸರು ಕೊಟ್ಟೆವು, ತೋರಿಸಿತು. ಆಮೇಲೆ ಅವಳೊಂದು ಕುಚೇಷ್ಟೆ ಮಾಡಿದಳು: ಒಂದು ಪಟ್ಟಿಯೊಳಗೆ ಅದೇ ಪಟ್ಟಿಯನ್ನು ಇಟ್ಟಳು. ಅದನ್ನು ಮುದ್ರಿಸೆಂದರೆ ಪೈಥಾನ್ ಒಳಗೆ ಮೂರು ಚುಕ್ಕೆಯಿಟ್ಟು ಜಾರಿಕೊಳ್ಳುತ್ತದೆ. ಅವಳ ಕಿಟಕಿಗೆ ಆ ಜಾಣತನವಿರಲಿಲ್ಲ. ಒಳಗೆ, ಇನ್ನೂ ಒಳಗೆ ಇಳಿಯುತ್ತ ಹೋಗಿ, ಪೈಥಾನ್ ತಾನಾಗಿ ವಿಧಿಸಿರುವ 1000ದ ಮಿತಿಗೆ ತಾಗಿ ಬಿದ್ದಿತು. ಒತ್ತಿದಾಗ ಒಂದೊಂದೇ ಅಂತಸ್ತು ತೆರೆಯುವಂತೆ ತಿದ್ದಿದಳು. ನನಗೋ ಆಕಳಿಕೆ.

"ನಿಜವಾದದ್ದು ಏನಾದರೂ ಇದ್ದರೆ ಕೊಡೇ" ಎಂದಳು. ಇತ್ತು. ತಾತ ತೀರಿಕೊಂಡ ಮೇಲೆ ಜಮೀನಿನ ಖಾತೆ ಬದಲಾಯಿಸಲು ಅಪ್ಪ ವಂಶವೃಕ್ಷಕ್ಕಾಗಿ ಓಡಾಡುತ್ತಿದ್ದರು. ಮನೆಯಲ್ಲಿ ಕಾಗದಪತ್ರ ಓದಬಲ್ಲವಳು ನಾನೊಬ್ಬಳೇ; ಆದ್ದರಿಂದ ಯಾರೋ ಬರೆದುಕೊಟ್ಟ ಕರಡು ನನ್ನ ಚೀಲದಲ್ಲಿತ್ತು. ಆದರೆ ಅದನ್ನು ತೆಗೆಯುವ ಸೋಮಾರಿತನದಿಂದ ನೆನಪಿನಿಂದಲೇ ಹೇಳಿದೆ. ತಾತನ ಕೆಳಗೆ ಮಗ, ಅಂದರೆ ಅಪ್ಪ. ಅಪ್ಪನ ಕೆಳಗೆ ನಾನು. ತಾತನ ಕೆಳಗೇ ಹಿರಿಯ ಮಗಳು. ಅವಳ ಕೆಳಗೆ ಅವ್ವ. ಅವ್ವನ ಕೆಳಗೆ ನಾನು. ಅವ್ವನನ್ನು ಕೊಟ್ಟದ್ದು ಸೋದರಮಾವನಿಗೆ. ನಮ್ಮ ಕಡೆ ಇದು ಹೊಸದೇನಲ್ಲ. ಅವ್ವನ ತಾಯಿ ನನಗೆ ಅತ್ತೆಯೂ ಹೌದು, ಅಜ್ಜಿಯೂ ಹೌದು.

ಅಪ್ಪನ ಕೊಂಬೆಯನ್ನು ಒತ್ತಿದೆ, ನಾನಿದ್ದೆ. ಅವ್ವನದನ್ನು ಒತ್ತಿದೆ, ಏನೂ ಇಲ್ಲ. ಪಕ್ಕದಲ್ಲಿ ಮಾತ್ರ ಕೆಂಪಕ್ಷರದಲ್ಲಿ ದೂರು ಬಂದಿತ್ತು: 'ಐಟಂ' ಎಂದು ನನ್ನ ಹೆಸರು, ಮುಂದೆ 'ಆಲ್‌ರೆಡಿ ಎಗ್ಸಿಸ್ಟ್ಸ್'. ಪ್ರತಿ ಸಾಲಿಗೂ ಬೇರೆ ಬೇರೆ ಗುರುತು ಇರಲೇಬೇಕಂತೆ. ಗೆಳತಿ ಹೆಸರನ್ನೇ ಗುರುತಾಗಿ ಕೊಟ್ಟಿದ್ದಳು.

"ಅವ್ವನ ಕೆಳಗಿನದನ್ನು ತೆಗೆದುಬಿಡೋಣ. ಹೇಗೂ ಅಪ್ಪನ ಕೆಳಗೆ ಇದ್ದೀಯಲ್ಲ."

ಮಾತೇನೋ ಸರಿಯಾಗಿಯೇ ಇತ್ತು. ಆದರೂ ನನಗೇಕೋ ಒಪ್ಪಲಾಗಲಿಲ್ಲ. ಕರಡಿನಲ್ಲಿ ಇದನ್ನು ಹೇಗೆ ಬರೆದಿದ್ದಾರೆಂದು ನೋಡಲು ಚೀಲ ತೆರೆದೆ. ಮೂರು ಸಲ ಓದಿದ್ದ ಕಾಗದ. ಅದರಲ್ಲಿ ಅವ್ವ ಅಪ್ಪನ ಹೆಂಡತಿಯಾಗಿ ಮಾತ್ರ ಇದ್ದಳು. ಅತ್ತೆಯ ಹೆಸರೇ ಇರಲಿಲ್ಲ! ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂಬ 2005ರ ತಿದ್ದುಪಡಿಯ ಬಗ್ಗೆ ಪರೀಕ್ಷೆಯಲ್ಲಿ ಎರಡು ಪುಟ ಬರೆದು ಬಂದವಳು ನಾನು.

ಗೆಳತಿಯ ದೋಷ ಹತ್ತು ನಿಮಿಷದಲ್ಲಿ ಪರಿಹಾರವಾಯಿತು. ಗುರುತನ್ನು ನಾವು ಕೊಡದಿದ್ದರೆ ಟ್ರೀವ್ಯೂ ತಾನೇ ಸಾಲಿಗೊಂದು ಕೊಟ್ಟುಕೊಳ್ಳುತ್ತದೆ. ಹೆಸರು ಬರಿಯ ಹೆಸರಾಗಿ ಉಳಿಯುತ್ತದೆ. ಈಗ ಎರಡು ಕೊಂಬೆಗಳಲ್ಲೂ ನಾನಿದ್ದೆ.

ನನ್ನ ಕೆಲಸಕ್ಕೆ ಭಾನುವಾರದವರೆಗೆ ಕಾಯಬೇಕಾಯಿತು. ಊರಿಗೆ ಹೋಗಿ ಕರಡನ್ನು ಅಪ್ಪನ ಮುಂದಿಟ್ಟು ಅತ್ತೆಯ ಹೆಸರೆಲ್ಲಿ ಎಂದು ಕೇಳಿದೆ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ನಮಗಿರುವುದು ಎರಡೇ ಎಕರೆ. ಆ ಮೌನದ ಅರ್ಥ ನನಗೆ ಆಗದೆ ಇರಲಿಲ್ಲ. ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ.

"ಬರೆದವರು ಬಿಟ್ಟರೋ, ನಾನೇ ಹೇಳಲಿಲ್ಲವೋ" ಎಂದರು ಕೊನೆಗೆ. "ಬರಿ. ಅಕ್ಕನ ಹೆಸರು ಮೇಲಿರಲಿ; ಅವಳೇ ಹಿರಿಯಳು."

ಹೊಸ ಹಾಳೆ ತೆಗೆದುಕೊಂಡು ಬರೆಯತೊಡಗಿದೆ.