ಜೀಪಿಗೆ ಹೊಸ ಸ್ಪ್ರಿಂಗ್

ಸಕಲೇಶಪುರದ ಬಳಿ ಇರುವ ನಮ್ಮ ಕಾಫಿ ತೋಟದ ಮಣ್ಣುದಾರಿ ಮಳೆಗಾಲ ಮುಗಿಯುವಷ್ಟರಲ್ಲಿ ಬರೀ ಕೊರಕಲು. ಹಳೆಯ ಜೀಪಿನ ಹಿಂದಿನ ಸ್ಪ್ರಿಂಗುಗಳು ಕುಸಿದಿದ್ದವು. ಬೆನ್ನುನೋವಿರುವ ನನ್ನಾಕೆಯನ್ನು ಅದರಲ್ಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಹೊಸ ಕಿಟ್ ಹಾಕಿಸುವ ಮಾತು ಬಂದಾಗ ಎಂಟನೇ ಕ್ಲಾಸಿನ ಮೊಮ್ಮಗ, "ತಾತ, ಜೀಪು 4 ಇಂಚು ಎತ್ತರ ಆಗೋದು ಹಾಕಿಸೋಣ!" ಎಂದ.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕೈ ನನ್ನದು. "ಮೊದಲು ಲೆಕ್ಕ ಹಾಕೋಣ ಬಾ" ಎಂದೆ. ಕಾಫಿ ಮೂಟೆ ಒಂದಕ್ಕೆ 50 ಕೆ.ಜಿ. ಕೊಯ್ಲಿನಲ್ಲಿ ನಾಲ್ಕು ಮೂಟೆ, ಅಂದರೆ 200 ಕೆ.ಜಿ. ಉಳಿದ ದಿನ ಮೂರೇ ಜನ.

ಮಕ್ಕಳೇ, 1678ರಲ್ಲಿ ರಾಬರ್ಟ್ ಹುಕ್ ಎಂಬ ಇಂಗ್ಲೆಂಡಿನ ವಿಜ್ಞಾನಿ ಒಂದು ನಿಯಮ ಪ್ರಕಟಿಸಿದ. ಒಂದು ಮಿತಿಯೊಳಗೆ, ಭಾರ ಎರಡು ಪಟ್ಟಾದರೆ ಸ್ಪ್ರಿಂಗ್ ಬಾಗುವುದೂ ಎರಡು ಪಟ್ಟು. ಭಾರೀ ಹೊರೆಗೆಂದು ಮಾಡಿದ ಗಡಸು ಸ್ಪ್ರಿಂಗ್ ಖಾಲಿ ಜೀಪಿನಲ್ಲಿ ಬಾಗುವುದು ತೀರಾ ಕಡಿಮೆ. ಆಗ ಗುಂಡಿಯ ಏಟೆಲ್ಲ ಅಜ್ಜಿಯ ಬೆನ್ನಿಗೆ! ಸ್ಪ್ರಿಂಗ್ ಭಾರ ಹೊರುತ್ತದೆ, ಶಾಕ್ ಅಬ್ಸಾರ್ಬರ್ ಅದರ ಕುಣಿತ ನಿಲ್ಲಿಸುತ್ತದೆ. ಎರಡಕ್ಕೂ ಹೊಂದಾಣಿಕೆ ಇರಬೇಕು. ಎತ್ತರ ಹೆಚ್ಚಿದಷ್ಟೂ ಗುರುತ್ವಕೇಂದ್ರ ಮೇಲೇರುತ್ತದೆ, ತಿರುವಿನಲ್ಲಿ ಮಗುಚುವ ಭಯವೂ ಏರುತ್ತದೆ.

ಇಷ್ಟು ಕೇಳಿದ ಮೇಲೆ ಮೊಮ್ಮಗನೇ ಎತ್ತರದ ಆಸೆ ಬಿಟ್ಟ. ಮಧ್ಯಮ ಗಡಸಿನ ಸ್ಪ್ರಿಂಗ್, ಅದಕ್ಕೆ ಒಪ್ಪುವ ಶಾಕ್ ಅಬ್ಸಾರ್ಬರ್ ಆರಿಸಿದೆವು. ಉಳಿದ ದುಡ್ಡಿನಲ್ಲಿ, ಅಜ್ಜಿ ಸಲೀಸಾಗಿ ಹತ್ತಲೆಂದು ಒಂದು ಫುಟ್‌ಬೋರ್ಡ್ ಹಾಕಿಸಿದೆವು. ಆ ಸಲಹೆ ಮಾತ್ರ ಪೂರ್ತಿ ಅವನದೇ.