ಸೂರಿಗೆ ಹೊಡೆದ ಫ್ಲ್ಯಾಶ್

ಕ್ಯಾಮೆರಾದ ತಲೆಯ ಮೇಲೆ ಕೂರುವ ಫ್ಲ್ಯಾಶಿಗೆ ನಮ್ಮಲ್ಲಿ ಒಳ್ಳೆಯ ಹೆಸರಿಲ್ಲ. ಕೆಡಿಸಿದ್ದು ಹಳೆಯ ಮದುವೆ ಆಲ್ಬಮ್ಮುಗಳು: ಸುಣ್ಣ ಬಳಿದಂಥ ಮುಖ, ಮೂಗಿನ ತುದಿಯಲ್ಲಿ ಜಿಡ್ಡು ಹೊಳಪು, ಬೆನ್ನ ಹಿಂದಿನ ಗೋಡೆಗೆ ಅಂಟಿಕೊಂಡ ಕಪ್ಪು ನೆರಳು, ಸಾಲದ್ದಕ್ಕೆ ಕೆಂಗಣ್ಣು. ಹಾಗಾಗಿ ಫೋಟೋ ಹುಚ್ಚು ಹಿಡಿದವರಲ್ಲಿ ‘ನಾನು ಫ್ಲ್ಯಾಶ್ ಮುಟ್ಟೋದೇ ಇಲ್ಲ’ ಎನ್ನುವುದು ಒಂದು ಬಗೆಯ ಮಡಿ. ನನ್ನ ಮಡಿ ಬಿಡಿಸಿದ್ದು ಯಕ್ಷಗಾನದ ಚೌಕಿ, ಅಂದರೆ ವೇಷ ಕಟ್ಟುವ ಬಣ್ಣದ ಮನೆ.

ಆಟಕ್ಕೆ ಮುಂಚೆ ಚೌಕಿಯೊಳಗೆ ಹೋಗಿ ನಿಂತವರಿಗೆ ಗೊತ್ತು, ಅಲ್ಲಿ ನಡೆಯುವುದೇ ಒಂದು ಆಟ. ವೇಷಧಾರಿಗಳು ನೆಲದ ಮೇಲೆ ಸಾಲಾಗಿ ಚಕ್ಕಳಮಕ್ಕಳ ಹಾಕಿ ಕೂತು, ಒಂದು ಕೈಯಲ್ಲಿ ಕನ್ನಡಿ ಹಿಡಿದು ಮುಖ ಬರೆದುಕೊಳ್ಳುತ್ತಿರುತ್ತಾರೆ. ತೆಂಕುತಿಟ್ಟಿನ ಬಣ್ಣದ ವೇಷದವರಂತೂ ಅಕ್ಕಿಹಿಟ್ಟು, ಸುಣ್ಣ ಕಲಸಿದ್ದನ್ನು ಕಡ್ಡಿಯ ತುದಿಯಲ್ಲಿ ತೆಗೆದು ಚುಟ್ಟಿಯ ಒಂದೊಂದೇ ಮುಳ್ಳು ಎಬ್ಬಿಸುತ್ತಾ ಗಂಟೆಗಟ್ಟಲೆ ಕೂರುತ್ತಾರೆ. ಇಷ್ಟಕ್ಕೂ ಬೆಳಕೆಂದರೆ ನೆತ್ತಿಯ ಮೇಲೆ ತೂಗುವ ಬಲ್ಬು. ಮೇಲಿಂದ ಬಿದ್ದ ಬೆಳಕು ಹುಬ್ಬಿನಲ್ಲೇ ನಿಂತುಬಿಡುತ್ತದೆ. ಕಣ್ಣು ಕತ್ತಲ ಗುಳಿಯಲ್ಲಿ ಉಳಿಯುತ್ತದೆ. ಐಎಸ್‌ಒ 6400ಕ್ಕೆ ಏರಿಸಿ ನೋಡಿ. ಕೆನ್ನೆ, ಮೂಗು ಬೆಳಗುತ್ತವೆ, ಆದರೂ ಕಣ್ಣು ಹಿಂದೆಯೇ. ಐಎಸ್‌ಒ ಇರುವ ಬೆಳಕನ್ನೇ ಹಿಗ್ಗಿಸಿ ತೋರಿಸೀತು, ಬೇರೆ ದಿಕ್ಕಿನಿಂದ ತಂದುಕೊಡಲಾರದು.

ಫ್ಲ್ಯಾಶಿನಲ್ಲಿ ಮೊದಲು ತಲೆಗೆ ಹೋಗಬೇಕಾದ್ದು ಇದು: ಅದು ಮಿಂಚುವುದು ಸೆಕೆಂಡಿನ ಸಾವಿರದೊಂದು ಪಾಲಿನ ಆಸುಪಾಸು, ಕಡಿಮೆ ಶಕ್ತಿಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಶಟರ್ 1/60 ಇದ್ದರೂ 1/15 ಇದ್ದರೂ ಅದು ಕೊಡುವುದು ಅಷ್ಟೇ. ಬಲ್ಬಿನ ಬೆಳಕು ಹಾಗಲ್ಲ, ಶಟರ್ ತೆರೆದಿರುವಷ್ಟು ಹೊತ್ತೂ ಒಳಗೆ ಬರುತ್ತಿರುತ್ತದೆ. ಹಾಗಾಗಿ ಚೌಕಿಯ ಹಳದಿ ಮಬ್ಬು ಎಷ್ಟು ಬೇಕೆಂಬುದನ್ನು ಶಟರಿನಲ್ಲಿ, ಮುಖಕ್ಕೆ ಎಷ್ಟು ಬೇಕೆಂಬುದನ್ನು ಫ್ಲ್ಯಾಶಿನ ಶಕ್ತಿಯಲ್ಲಿ ಬೇರೆಬೇರೆಯಾಗಿ ಹೊಂದಿಸಿಕೊಳ್ಳಬಹುದು. ಆ ಹಳೆಯ ಮದುವೆ ಆಲ್ಬಮ್ಮುಗಳಲ್ಲಿ ಹಿಂದಿನ ಮಂಟಪ ಕಗ್ಗತ್ತಲಾಗುತ್ತಿದ್ದದ್ದು ಮಂಟಪದ ಬೆಳಕಿಗೆ ಪುರಸೊತ್ತೇ ಕೊಡದೆ ಶಟರ್ ಮುಚ್ಚಿಕೊಂಡದ್ದರಿಂದ. ನಾನು ಎಫ್ 4, 1/60, ಐಎಸ್‌ಒ 1600 ಇಟ್ಟು ಮೊದಲು ಫ್ಲ್ಯಾಶ್ ಇಲ್ಲದೆಯೇ ಒಂದು ತೆಗೆಯುತ್ತೇನೆ. ಕೋಣೆ ಕಾಣಬೇಕು, ಆದರೆ ಚೂರು ಮಂಕಾಗಿರಬೇಕು. ಆಮೇಲೆ ಫ್ಲ್ಯಾಶ್, ಅದೂ ಮ್ಯಾನ್ಯುವಲ್‌ನಲ್ಲಿ. ಬೆಳಕನ್ನು ತಾನೇ ಅಳೆದು ಕೊಡುವ ಟಿಟಿಎಲ್‌ಗೆ ಬಿಳಿ ಚುಟ್ಟಿ ಕಂಡರೆ ದಿಗಿಲು, ಬೆಳಕು ಇಳಿಸಿಬಿಡುತ್ತದೆ. ಪಕ್ಕದವರ ಕಪ್ಪು ದಗಲೆ ಕಂಡರೆ ಸುರಿದುಬಿಡುತ್ತದೆ.

ಇನ್ನು ದಿಕ್ಕು. ‘ಎದುರಿಂದ ಹೊಡೀಬೇಡಿ ಮಾರಾಯ್ರೇ, ಕನ್ನಡಿಯೇ ಕಾಣುದಿಲ್ಲ ಮತ್ತೆ’ ಎಂದು ಹಿರಿಯ ವೇಷಧಾರಿಯೊಬ್ಬರು ಹೇಳಿದ್ದು ಯಾವ ಕೈಪಿಡಿಗೂ ಕಡಿಮೆಯಿಲ್ಲ. ಫ್ಲ್ಯಾಶಿನ ತಲೆ ಮೇಲಕ್ಕೆ, ಹಿಂದಕ್ಕೆ ತಿರುಗುವುದೇ ಇದಕ್ಕಾಗಿ. ಸೂರಿಗೋ ಗೋಡೆಗೋ ಹೊಡೆದರೆ ಅದೇ ದೊಡ್ಡ ದೀಪವಾಗಿ, ನೆರಳಿನ ಅಂಚು ಮೆತ್ತಗಾಗುತ್ತದೆ. ಆದರೆ ಚೌಕಿಯ ಸೂರು ಎಷ್ಟೋ ಸಲ ನೀಲಿ ಟಾರ್ಪಾಲು! ಅದಕ್ಕೆ ಹೊಡೆದರೆ ಹಿರಣ್ಯಕಶಿಪುವೂ ನೀಲಮೇಘಶ್ಯಾಮ. ಹಗ್ಗದ ಮೇಲೆ ಒಣಹಾಕಿದ ಯಾರದೋ ಬಿಳಿ ಪಂಚೆ ಸಿಕ್ಕಿತೋ, ಗೆದ್ದಿರಿ. ನನ್ನ ಎಡ ಹೆಗಲ ಹಿಂದಿನ ಪಂಚೆಗೆ ಬಡಿದು ಬಂದ ಬೆಳಕು ಓರೆಯಾಗಿ ಹುಬ್ಬಿನ ಕೆಳಗೆ ನುಸುಳಿದಾಗ, ಕಾಡಿಗೆಯ ನಡುವೆ ಕಣ್ಣಿನ ಬಿಳಿ ಮೂಡಿತು; ಚುಟ್ಟಿಯ ಪ್ರತಿ ಮುಳ್ಳಿಗೂ ಅದರದೇ ಪುಟ್ಟ ನೆರಳು. ಆ ಚಿತ್ರದ ಖುಷಿ ಇವತ್ತಿಗೂ ಇಳಿದಿಲ್ಲ.

ಸುತ್ತು ದಾರಿಯ ಬೆಳಕಿಗೆ ಸುಂಕ ಹೆಚ್ಚು. ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗ. ಬಟ್ಟೆ ನುಂಗುವುದು ಬೇರೆ. ಸೆಲ್ಲು ಬೇಗ ಸೋಲುತ್ತದೆ, ಜೇಬಿನಲ್ಲಿ ಇನ್ನೊಂದು ಜೊತೆ ಇರಲಿ. ಬಣ್ಣವೂ ಹೊಂದಬೇಕು. ಫ್ಲ್ಯಾಶ್ ಸುಮಾರು 5500 ಕೆಲ್ವಿನ್, ಹಗಲಿನ ಬಿಳುಪು. ತಂತಿ ಬಲ್ಬು 2800ರ ಹತ್ತಿರ. ಫ್ಲ್ಯಾಶಿಗೆ ಕಿತ್ತಳೆ ಜಿಲೆಟಿನ್ ಅಂಟಿಸಿದರೆ ಎರಡೂ ಒಂದೇ ಮನೆಯವಾಗುತ್ತವೆ. ಬಿಳಿ ಎಲ್‌ಇಡಿ ಬಂದ ಚೌಕಿಗಳಲ್ಲಿ ಆ ಕೆಲಸ ತಪ್ಪಿತು, ಆ ಹಳದಿಯೂ ಹೋಯಿತು.

ಕೈ ಕುದುರಿದ ಮೇಲೆ, ನಾಟ್ಯ ಕಲಿಯುವ ಮಕ್ಕಳು ಮುಸ್ಸಂಜೆ ಅಂಗಳದಲ್ಲಿ ಧೀಂಗಿಣ ಹಾಕುವಾಗ, ಅವರ ಗುರುಗಳನ್ನು ಕೇಳಿಕೊಂಡು ರಿಯರ್ ಕರ್ಟನ್ ಸಿಂಕ್ ಹಚ್ಚಿ ನೋಡಿ. ಶಟರ್ 1/8. ಫ್ಲ್ಯಾಶ್ ಮಿಂಚುವುದು ಶಟರ್ ಮುಚ್ಚುವ ಕೊನೆಯ ಗಳಿಗೆಯಲ್ಲಿ. ಹುಡುಗಿಯ ಮುಖ ಸ್ಫುಟ, ಸೊಂಟಕ್ಕೆ ಬಿಗಿದ ಶಾಲಿನ ಅಂಚು ಹಿಂದೆ ಗೆರೆಗೆರೆಯಾಗಿ ಎಳೆದುಕೊಂಡಿರುತ್ತದೆ.

ರಂಗಸ್ಥಳದಲ್ಲಿ ಮಾತ್ರ ಫ್ಲ್ಯಾಶ್ ಬೇಡ. ತೂಕದ ಕಿರೀಟ ಹೊತ್ತು ಗಿರಗಿರ ಸುತ್ತುವವರ ಕಣ್ಣಿಗೆ ಮಿಂಚು ಹೊಡೆದರೆ ಹೆಜ್ಜೆ ತಪ್ಪೀತು. ಚೌಕಿಗೆ ಬನ್ನಿ. ಚಪ್ಪಲಿ ಹೊರಗಿರಲಿ, ದೇವರ ಪೆಟ್ಟಿಗೆ ಅಲ್ಲೇ ಇರುತ್ತದೆ. ಒಂದು ಮಾತು ಕೇಳಿಯೇ ತೆಗೆಯಿರಿ. ಬಿಳಿ ಪಂಚೆಯೊಂದು ನಿಮ್ಮ ಚೀಲದಲ್ಲೇ ಇದ್ದರೆ ಇನ್ನೂ ಒಳ್ಳೆಯದು.